ತಂತಿಯ ಎರಡು ತುದಿಗಳ ಒಪ್ಪಂದ: ಮೈಕ್ರೊಕಂಟ್ರೋಲರ್ ಮತ್ತು ಕಂಪ್ಯೂಟರ್ ನಡುವಿನ ಸರಣಿ ಸಂವಹನದ ದೋಷಶೋಧ

ಸೊಲ್ಲಾಪುರ, ಹೋಟಗಿ, ಅಕ್ಕಲಕೋಟೆಗಳ ಗಡಿಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ಎರಡನ್ನೂ ಆಡುವ ರೈತರು, ನೇಕಾರರು ಮತ್ತು ಕಾರ್ಖಾನೆಯ ಕೆಲಸಗಾರರ ದುಡಿಮೆಯ ಎಷ್ಟೋ ಲೆಕ್ಕಗಳು ಇಂದು ಒಂದು ಸಣ್ಣ ತಂತಿಯ ಮೇಲೆ ನಿಂತಿವೆ. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ನಿಂತ ಕಬ್ಬಿನ ಲಾರಿಯ ತೂಕ, ಹಾಲಿನ ಸಂಗ್ರಹ ಕೇಂದ್ರದಲ್ಲಿ ಅಳೆದ ಕೊಬ್ಬಿನ ಅಂಶ, ದಾಳಿಂಬೆ ತೋಟದ ಮಣ್ಣಿನ ತೇವ, ಕೈಗಾರಿಕಾ ಘಟಕದ ವಿದ್ಯುತ್ ಮೀಟರಿನ ಅಂಕಿ, ಇವೆಲ್ಲವನ್ನೂ ಮೊದಲು ಅಳೆಯುವುದು ಒಂದು ಮೈಕ್ರೊಕಂಟ್ರೋಲರ್, ಎಂದರೆ ಸಂಸ್ಕಾರಕ, ಸ್ಮೃತಿ ಮತ್ತು ಒಳಹರಿವು–ಹೊರಹರಿವಿನ ದ್ವಾರಗಳನ್ನು ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದ ಪುಟ್ಟ ಗಣಕ. ಅದನ್ನು ದಾಖಲಿಸಿ ಚೀಟಿ ಮುದ್ರಿಸುವುದು ಮೇಜಿನ ಮೇಲಿನ ಕಂಪ್ಯೂಟರ್. ಇವೆರಡರ ನಡುವೆ ಅಂಕಿಗಳು ಸಾಗುವ ಅತ್ಯಂತ ಹಳೆಯ ಮತ್ತು ಇಂದಿಗೂ ಅತ್ಯಂತ ಬಳಕೆಯಲ್ಲಿರುವ ದಾರಿಗಳಲ್ಲಿ ಸರಣಿ ಸಂವಹನ ಒಂದು. ಈ ದಾರಿ ಕಟ್ಟಾದಾಗ ಅಥವಾ, ಅದಕ್ಕಿಂತ ಕೆಟ್ಟದಾಗಿ, ತಪ್ಪು ಅಂಕಿಯನ್ನು ಸಾಗಿಸಿದಾಗ ದೋಷವನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಯನ್ನು ಸಮಗ್ರವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಪ್ಪಂದದ ಸ್ವರೂಪ

ಸರಣಿ ಸಂವಹನದಲ್ಲಿ ಮಾಹಿತಿಯ ಬಿಟ್‌ಗಳು ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದರಂತೆ ಸಾಗುತ್ತವೆ. ಈ ಕೆಲಸವನ್ನು ನಿರ್ವಹಿಸುವ ಮಂಡಲಕ್ಕೆ ಯುಆರ್ಟ್ ಎಂದು ಹೆಸರು. 1960ರ ದಶಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಗಾರ್ಡನ್ ಬೆಲ್ ತಮ್ಮ ಸಂಸ್ಥೆಯ ಕಂಪ್ಯೂಟರುಗಳಿಗಾಗಿ ಇಂಥ ಮಂಡಲವನ್ನು ರೂಪಿಸಿದರು. ಇದರಲ್ಲಿ ಎರಡೂ ಕಡೆಯ ಗಡಿಯಾರಗಳನ್ನು ಜೋಡಿಸುವ ಪ್ರತ್ಯೇಕ ತಂತಿ ಇರುವುದಿಲ್ಲ. ತಂತಿ ಸುಮ್ಮನಿರುವಾಗ 1ರ ಸ್ಥಿತಿಯಲ್ಲಿರುತ್ತದೆ. ಅದು 0ಕ್ಕೆ ಇಳಿದೊಡನೆ ಆರಂಭ ಬಿಟ್ ಬಂದಿತೆಂದು ತಿಳಿದ ಗ್ರಾಹಕ ಮಂಡಲವು ತನ್ನದೇ ಗಡಿಯಾರದಿಂದ ಸಮಯ ಎಣಿಸುತ್ತ ಮುಂದಿನ 8 ಬಿಟ್‌ಗಳನ್ನು ಓದಿ, ಕೊನೆಗೆ ಅಂತ್ಯ ಬಿಟ್ ಅನ್ನು ನಿರೀಕ್ಷಿಸುತ್ತದೆ. ಹೀಗೆ ಒಂದು ಅಕ್ಷರಕ್ಕೆ 10 ಬಿಟ್‌ಗಳ ಚೌಕಟ್ಟು ಬೇಕಾಗುತ್ತದೆ. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ, ಅಂದರೆ 9600 ಬಾಡ್ ದರದಲ್ಲಿ, ಒಂದು ಬಿಟ್‌ನ ಅವಧಿ ಸುಮಾರು 104 ಮೈಕ್ರೊಸೆಕೆಂಡ್ ಆಗಿದ್ದು, ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರಗಳು ಸಾಗುತ್ತವೆ.

ಗಡಿಯಾರದ ತಂತಿ ಇಲ್ಲದ ಕಾರಣ ಸರಣಿ ಸಂವಹನವು ಪೂರ್ತಿಯಾಗಿ ಮುಂಚಿತ ಒಪ್ಪಂದದ ಮೇಲೆ ನಿಂತಿದೆ. ವೋಲ್ಟೇಜ್, ತಂತಿಗಳ ಜೋಡಣೆ, ವೇಗ, ಚೌಕಟ್ಟಿನ ರಚನೆ, ಸಾಗಿದ ಬೈಟ್‌ಗಳ ಅರ್ಥ, ಈ ಐದರಲ್ಲೂ ಎರಡು ತುದಿಗಳು ಒಮ್ಮತಕ್ಕೆ ಬಂದಿರಬೇಕು. 1880ರ ದಶಕದಲ್ಲಿ ಗದಗ–ವಿಜಯಪುರದ ಕಡೆಯಿಂದ ಬಂದ ಮೀಟರ್ ಗೇಜ್ ಹಳಿಯು ಹೋಟಗಿಯಲ್ಲಿ ಮುಂಬಯಿ–ರಾಯಚೂರು ಮಾರ್ಗದ ಬ್ರಾಡ್ ಗೇಜ್ ಹಳಿಯನ್ನು ಸಂಧಿಸಿದಾಗ, ಒಂದರ ಅಗಲ 1000 ಮಿಲಿಮೀಟರ್, ಇನ್ನೊಂದರದು 1676 ಮಿಲಿಮೀಟರ್ ಆದ್ದರಿಂದ, ಎರಡೂ ಕಡೆಯ ಗಾಡಿಗಳು ಸುಸ್ಥಿತಿಯಲ್ಲಿದ್ದರೂ ಸರಕನ್ನೆಲ್ಲ ಜಂಕ್ಷನ್ನಿನಲ್ಲಿ ಇಳಿಸಿ ಏರಿಸಬೇಕಾಯಿತು. ಸರಣಿ ಸಂವಹನದ ಬಹುತೇಕ ದೋಷಗಳ ಜಾತಿಯೂ ಇದೇ: ಚಿಪ್ ಕೆಟ್ಟಿರುವುದಿಲ್ಲ, ಕಂಪ್ಯೂಟರ್ ಕೆಟ್ಟಿರುವುದಿಲ್ಲ, ಅವೆರಡರ ನಡುವಿನ ಅಳತೆ ಹೊಂದಿರುವುದಿಲ್ಲ.

ವೋಲ್ಟೇಜ್ ಮತ್ತು ತಂತಿ

ಆರ್‌ಎಸ್–232 ಎಂಬ ಮಾನಕವು 1960ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1969ರಲ್ಲಿ ತನ್ನ ಪ್ರಸಿದ್ಧ ಮೂರನೆಯ ಪರಿಷ್ಕೃತ ರೂಪವನ್ನು ಪಡೆಯಿತು. ಇದರ ಪ್ರಕಾರ ಗ್ರಾಹಕ ತುದಿಯಲ್ಲಿ −3ರಿಂದ −15 ವೋಲ್ಟ್‌ವರೆಗಿನ ಮಟ್ಟ 1 ಎಂದೂ, +3ರಿಂದ +15 ವೋಲ್ಟ್‌ವರೆಗಿನ ಮಟ್ಟ 0 ಎಂದೂ ಎಣಿಕೆಯಾಗುತ್ತದೆ. ಮೈಕ್ರೊಕಂಟ್ರೋಲರಿನ ಕಾಲುಗಳಲ್ಲಾದರೋ 1 ಎಂದರೆ 5 ಅಥವಾ 3.3 ವೋಲ್ಟ್, 0 ಎಂದರೆ ಶೂನ್ಯ ವೋಲ್ಟ್. ಅಂದರೆ ಎರಡೂ ಪದ್ಧತಿಗಳು ಗಾತ್ರದಲ್ಲಿ ಮಾತ್ರವಲ್ಲ, ದಿಕ್ಕಿನಲ್ಲೂ ವಿರುದ್ಧವಾಗಿವೆ. ಕಂಪ್ಯೂಟರಿನ 9 ಪಿನ್‌ಗಳ ಹಳೆಯ ಪೋರ್ಟನ್ನು ಮೈಕ್ರೊಕಂಟ್ರೋಲರಿಗೆ ನೇರವಾಗಿ ಜೋಡಿಸಿದರೆ ಸಂಕೇತ ತಿರುಗುಮುರುಗಾಗುವುದಷ್ಟೇ ಅಲ್ಲದೆ ಚಿಪ್ಪೂ ಸುಡಬಹುದು. ಇವೆರಡನ್ನೂ ಹೊಂದಿಸಲು ಮಧ್ಯದಲ್ಲಿ ಮ್ಯಾಕ್ಸ್ 232ರಂಥ ಪರಿವರ್ತಕ ಚಿಪ್ ಬೇಕು. ಅದು ಸುತ್ತಲಿನ ನಾಲ್ಕು ಕೆಪಾಸಿಟರ್‌ಗಳ ನೆರವಿನಿಂದ 5 ವೋಲ್ಟ್‌ನಿಂದಲೇ ಧನ ಮತ್ತು ಋಣ ವೋಲ್ಟೇಜ್‌ಗಳನ್ನು ತಯಾರಿಸುತ್ತದೆ. ಈ ಕೆಪಾಸಿಟರ್‌ಗಳಲ್ಲಿ ಒಂದನ್ನು ತಿರುಗಿಸಿ ಬೆಸೆದಿದ್ದರೆ ಅಥವಾ ಅದು ಒಣಗಿ ಹೋಗಿದ್ದರೆ ಋಣ ವೋಲ್ಟೇಜ್ ಕುಸಿದು, ಸಂವಹನ ಆಗಾಗ ತಪ್ಪುತ್ತದೆ.

ಈ ಹಂತದ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಕಂಪ್ಯೂಟರಿನ 9 ಪಿನ್ ಪೋರ್ಟಿನಲ್ಲಿ 2ನೆಯ ಪಿನ್ ಸ್ವೀಕಾರಕ್ಕೆ, 3ನೆಯದು ರವಾನೆಗೆ, 5ನೆಯದು ಗ್ರೌಂಡಿಗೆ ಮೀಸಲು. ಕೇಬಲ್ ಜೋಡಿಸದ, ಸುಮ್ಮನಿರುವ ಪೋರ್ಟಿನಲ್ಲಿ ರವಾನೆಯ ಪಿನ್ ಸ್ಪಷ್ಟ ಋಣ ವೋಲ್ಟೇಜ್ ತೋರಿಸುತ್ತದೆ. ಸ್ವೀಕಾರದ ಪಿನ್ ಹೆಚ್ಚುಕಡಿಮೆ ಶೂನ್ಯದಲ್ಲಿರುತ್ತದೆ. ಕಾಟಾದ ಇಂಡಿಕೇಟರ್, ಅಂದರೆ ತೂಕ ತೋರಿಸುವ ಪೆಟ್ಟಿಗೆ, ಮತ್ತು ಕಂಪ್ಯೂಟರ್ ಎರಡೂ ಒಂದೇ ಸಂಖ್ಯೆಯ ಪಿನ್‌ನಲ್ಲಿ ಋಣ ವೋಲ್ಟೇಜ್ ತೋರಿಸಿದರೆ ನೇರ ಕೇಬಲ್ ಕೆಲಸಕ್ಕೆ ಬಾರದು, ಅಡ್ಡ ಕೇಬಲ್ ಬೇಕೆಂದು ತಿಳಿಯಬೇಕು. ಒಬ್ಬರ ರವಾನೆ ಇನ್ನೊಬ್ಬರ ಸ್ವೀಕಾರಕ್ಕೆ ಸೇರಬೇಕೆಂಬ ನಿಯಮವನ್ನು ಊಹೆಯ ಬದಲು ಅಳತೆಯಿಂದಲೇ ಹೀಗೆ ಪರಿಶೀಲಿಸಬಹುದು. ಆದರೆ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಮೂರನೆಯ ತಂತಿಯಾದ ಗ್ರೌಂಡ್. ಅದಿಲ್ಲದಿದ್ದರೂ ಬೇರೆ ದಾರಿಗಳಿಂದ ವಿದ್ಯುತ್ ಮರಳುವುದರಿಂದ ಸಂವಹನ ಕೆಲವೊಮ್ಮೆ ನಡೆಯುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದಾಗ ನಡೆದು ತೆಗೆದಾಗ ನಿಲ್ಲುವ ಸಂಪರ್ಕವನ್ನು ಕಂಡರೆ ಮೊದಲ ಅನುಮಾನ ಗ್ರೌಂಡಿನ ಮೇಲೆಯೇ ಬರಬೇಕು.

ವೇಗದ ಲೆಕ್ಕ

ತೆರೆಯ ಮೇಲೆ ಏನೂ ಬಾರದಿದ್ದರೆ ದೋಷ ತಂತಿಯಲ್ಲಿರುವ ಸಂಭವ ಹೆಚ್ಚು. ಕಲಸುಮೇಲೋಗರದ ಚಿಹ್ನೆಗಳು ಬಂದರೆ ತಂತಿ ಸರಿಯಿದ್ದು ವೇಗದಲ್ಲಿ ಭೇದವಿರುವ ಸಂಭವ ಹೆಚ್ಚು. ಗ್ರಾಹಕ ಮಂಡಲವು ಪ್ರತಿ ಬಿಟ್‌ನ ನಡುಭಾಗದಲ್ಲಿ ಮಾದರಿ ತೆಗೆಯುತ್ತದೆ. ಆರಂಭದ ಅಂಚಿನಿಂದ ಅಂತ್ಯ ಬಿಟ್‌ನ ನಡುಭಾಗಕ್ಕೆ ಒಂಬತ್ತೂವರೆ ಬಿಟ್‌ಗಳಷ್ಟು ಕಾಲ ಆಗುವುದರಿಂದ, ಅಷ್ಟರಲ್ಲಿ ಅರ್ಧ ಬಿಟ್‌ಗಿಂತ ಹೆಚ್ಚು ಜಾರಿದರೆ ಓದು ತಪ್ಪುತ್ತದೆ. ಎರಡೂ ಗಡಿಯಾರಗಳ ಒಟ್ಟು ಭೇದ ಶೇಕಡಾ 5ರ ಆಸುಪಾಸಿನಲ್ಲಿ ಮಿತಿ ಮುಟ್ಟುತ್ತದೆ. ವ್ಯವಹಾರದಲ್ಲಿ ಒಂದೊಂದು ಕಡೆಗೂ ಶೇಕಡಾ 2ರೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಈ ಲೆಕ್ಕದ ಬೆಲೆ ಇಂಟೆಲ್ ಸಂಸ್ಥೆಯ 1980ರ 8051 ಚಿಪ್‌ನ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೆ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆಯ ಸ್ಫಟಿಕವನ್ನು ಬಳಸುವ ರೂಢಿ ಇದೆ. ಈ ಸಂಖ್ಯೆಯನ್ನು 12ರಿಂದಲೂ 32ರಿಂದಲೂ ಭಾಗಿಸಿದರೆ 28,800 ಬರುತ್ತದೆ. ಅದನ್ನು 3ರಿಂದ ಭಾಗಿಸಿದರೆ ಶೇಷವಿಲ್ಲದೆ 9600 ದೊರೆಯುತ್ತದೆ. ಅದರ ಬದಲು ದುಂಡು ಸಂಖ್ಯೆಯ 12 ಮೆಗಾಹರ್ಟ್ಸ್ ಸ್ಫಟಿಕ ಹಾಕಿದರೆ ಅದೇ ಭಾಗಾಕಾರ 10,417ರ ಹತ್ತಿರ ನಿಲ್ಲುತ್ತದೆ, ಅಂದರೆ ಶೇಕಡಾ 8.5ರಷ್ಟು ತಪ್ಪುತ್ತದೆ. ಪ್ರಯೋಗಾಲಯದ ಕೈಪಿಡಿಯಿಂದ ಪ್ರೋಗ್ರಾಂ ಅನ್ನು ಅಕ್ಷರಶಃ ಇಳಿಸಿಕೊಂಡು, ಕೈಗೆ ಸಿಕ್ಕ ಸ್ಫಟಿಕ ಬೆಸೆದ ವಿದ್ಯಾರ್ಥಿಗೆ ತೆರೆಯ ಮೇಲೆ ಕಸ ಕಾಣುವುದು ಇದರಿಂದಲೇ. ಸ್ಫಟಿಕ ಬದಲಿಸಲಾಗದಿದ್ದರೆ 2400 ಬಾಡ್‌ಗೆ ಇಳಿದರೂ ಸಾಕು, ಅಲ್ಲಿ ತಪ್ಪು ಶೇಕಡಾ 0.2ಕ್ಕಿಂತ ಕಡಿಮೆ. ಆರ್ಡುಯಿನೊ ಊನೊ ಫಲಕದ 16 ಮೆಗಾಹರ್ಟ್ಸ್ ಗಡಿಯಾರದಲ್ಲಿ 9600 ಬಾಡ್ ಬಹುತೇಕ ನಿಖರವಾಗಿ ಬಂದರೆ, 1,15,200 ಬಾಡ್ ಕೇಳಿದಾಗ ದೊರೆಯುವುದು ಇಮ್ಮಡಿ ವೇಗದ ವಿಧಾನದಲ್ಲೂ ಸುಮಾರು 1,17,647. ಈ ಶೇಕಡಾ 2ರ ಭೇದ ಒಳ್ಳೆಯ ಜೊತೆಗಾರನೊಂದಿಗೆ ನಡೆದು, ಅಷ್ಟೇ ಭೇದವನ್ನು ವಿರುದ್ಧ ದಿಕ್ಕಿನಲ್ಲಿ ಹೊತ್ತ ಜೊತೆಗಾರನೊಂದಿಗೆ ಕೈಕೊಡುತ್ತದೆ.

ಸ್ಫಟಿಕವೇ ಇಲ್ಲದೆ ಚಿಪ್ಪಿನ ಒಳಗಿನ ಆಂದೋಲಕವನ್ನು ನಂಬಿದಾಗ ತೊಂದರೆ ಹೆಚ್ಚುತ್ತದೆ. ಊನೊ ಫಲಕದಲ್ಲಿರುವ ಎಟಿಮೆಗಾ 328ಪಿ ಚಿಪ್ ಬಿಡಿಯಾಗಿ ಮಾರುಕಟ್ಟೆಗೆ ಬರುವಾಗ ಒಳಗಿನ 8 ಮೆಗಾಹರ್ಟ್ಸ್ ಆಂದೋಲಕವನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ನಡೆಯುವಂತೆ ಹೊಂದಿಸಲ್ಪಟ್ಟಿರುತ್ತದೆ. 16 ಮೆಗಾಹರ್ಟ್ಸ್‌ಗಾಗಿ ಬರೆದ ಪ್ರೋಗ್ರಾಂ ಅದರಲ್ಲಿ 9600ರ ಬದಲು 600 ಬಾಡ್‌ನಲ್ಲಿ ಮಾತನಾಡುತ್ತದೆ. ಈ ಆಂದೋಲಕದ ವೇಗವು ತಾಪಮಾನದೊಂದಿಗೆ ಸರಿಯುವುದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದಂಥ ಊರಿನಲ್ಲಿ, ಬಿಸಿಲಿಗೆ ಇಟ್ಟ ತೋಟದ ಉಪಕರಣಕ್ಕೆ ಹೊರಗಿನ ಸ್ಫಟಿಕವೇ ಸೂಕ್ತ. ವೇಗವನ್ನು ಅಳೆಯಲು ಒಂದು ಸರಳ ಉಪಾಯವಿದೆ: ಇಂಗ್ಲಿಷಿನ ದೊಡ್ಡ ‘ಯು’ ಅಕ್ಷರದ ಬಿಟ್‌ಗಳು ಚೌಕಟ್ಟಿನೊಳಗೆ ಒಂದು ಬಿಟ್ಟು ಒಂದು ಬರುವುದರಿಂದ, ಅದನ್ನು ಎಡೆಬಿಡದೆ ಕಳಿಸಿದರೆ 9600 ಬಾಡ್‌ನಲ್ಲಿ ತಂತಿಯ ಮೇಲೆ ಸರಿಯಾಗಿ 4800 ಹರ್ಟ್ಸ್‌ನ ಚೌಕ ತರಂಗ ಮೂಡುತ್ತದೆ, ಆವರ್ತನ ತೋರಿಸುವ ಮಲ್ಟಿಮೀಟರ್ ಇದ್ದರೆ ಇಷ್ಟರಿಂದಲೇ ಗಡಿಯಾರದ ಸತ್ಯ ಹೊರಬೀಳುತ್ತದೆ.

ಚೌಕಟ್ಟು ಮತ್ತು ಪ್ಯಾರಿಟಿ

ವೇಗ ಸರಿಯಿದ್ದೂ ಕೆಲವು ಅಂಕಿಗಳು ಮಾತ್ರ ಕೆಟ್ಟು ಬರುವುದು ಮೂರನೆಯ ಬಗೆಯ ಲಕ್ಷಣ. ಹಳೆಯ ತೂಕದ ಇಂಡಿಕೇಟರ್‌ಗಳಲ್ಲಿ 7 ಮಾಹಿತಿ ಬಿಟ್ ಮತ್ತು ಒಂದು ಸಮ ಪ್ಯಾರಿಟಿ ಬಿಟ್ ಬಳಸುವ ಪದ್ಧತಿಯುಂಟು. ಪ್ಯಾರಿಟಿ ಎಂದರೆ ಒಟ್ಟು 1ಗಳ ಸಂಖ್ಯೆ ಸಮವಾಗುವಂತೆ ಸೇರಿಸುವ ಪರೀಕ್ಷಾ ಬಿಟ್. ಕಂಪ್ಯೂಟರ್ ಕಡೆ 8 ಬಿಟ್, ಪ್ಯಾರಿಟಿ ಇಲ್ಲ ಎಂಬ ಆಯ್ಕೆ ಇದ್ದರೆ ಎರಡೂ ಚೌಕಟ್ಟುಗಳ ಉದ್ದ 10 ಬಿಟ್‌ಗಳೇ ಆಗಿರುವುದರಿಂದ ಸಂವಹನ ಕಡಿಯುವುದಿಲ್ಲ. ಆದರೆ 0, 3, 5, 6, 9 ಈ ಅಂಕಿಗಳು ಸರಿಯಾಗಿ ಬಂದು, 1, 2, 4, 7, 8 ಇವು ಅಪರಿಚಿತ ಚಿಹ್ನೆಗಳಾಗಿ ಕಾಣುತ್ತವೆ. ಎರಡನೆಯ ಗುಂಪಿನ ಸಂಕೇತಗಳಲ್ಲಿ 1ಗಳ ಸಂಖ್ಯೆ ಬೆಸವಾದ್ದರಿಂದ ಅವುಗಳ ಪ್ಯಾರಿಟಿ ಬಿಟ್ ಏರಿರುತ್ತದೆ ಮತ್ತು ಕಂಪ್ಯೂಟರ್ ಅದನ್ನು ಎಂಟನೆಯ ಮಾಹಿತಿ ಬಿಟ್ ಎಂದು ಎಣಿಸುತ್ತದೆ. ಈ ಲಕ್ಷಣ ಕಂಡಾಗ ಕೇಬಲ್ ಬದಲಿಸುವುದು ವ್ಯರ್ಥ. ಪೋರ್ಟಿನ ಆಯ್ಕೆಯನ್ನು ಬದಲಿಸಿದರೆ ಸಾಕು.

ಇದಕ್ಕೆ ಹತ್ತಿರದ ಇನ್ನೊಂದು ವಿಷಯ ಹರಿವಿನ ನಿಯಂತ್ರಣ. ಒಂದು ಕಡೆ ತಡೆ ಎಂದಾಗ ಇನ್ನೊಂದು ಕಡೆ ನಿಲ್ಲುವ ಈ ಏರ್ಪಾಡು ಪ್ರತ್ಯೇಕ ತಂತಿಗಳಿಂದಲೂ ನಡೆಯಬಹುದು, 19 ಮತ್ತು 17 ಎಂಬ ಬೈಟ್‌ಗಳಿಂದಲೂ ನಡೆಯಬಹುದು. ಮೂರೇ ತಂತಿಗಳ ಕೇಬಲ್ ಇರುವಲ್ಲಿ ತಂತಿಯ ನಿಯಂತ್ರಣವನ್ನು ಆನ್ ಮಾಡಿದ್ದರೆ ಕಂಪ್ಯೂಟರ್ ಬಾರದ ಅನುಮತಿಗಾಗಿ ಕಾಯುತ್ತ ಏನನ್ನೂ ಕಳಿಸುವುದಿಲ್ಲ. ಬೈಟ್‌ನ ನಿಯಂತ್ರಣ ಇರುವಲ್ಲಿ ಕಚ್ಚಾ ಮಾಹಿತಿಯೊಳಗೆ 19 ಎಂಬ ಮೌಲ್ಯ ಆಕಸ್ಮಿಕವಾಗಿ ಬಂದರೂ ಸಾಲು ಸ್ತಬ್ಧವಾಗುತ್ತದೆ.

ಕಂಪ್ಯೂಟರಿನ ಒಳಗೆ

ಇಂದಿನ ಕಂಪ್ಯೂಟರುಗಳಲ್ಲಿ 9 ಪಿನ್‌ಗಳ ಪೋರ್ಟ್ ಅಪರೂಪವಾಗಿ, ಅದರ ಸ್ಥಾನವನ್ನು ಯುಎಸ್‌ಬಿಯಿಂದ ಸರಣಿಗೆ ಬದಲಿಸುವ ಚಿಪ್‌ಗಳು ಹಿಡಿದಿವೆ. ಎಫ್‌ಟಿಡಿಐ, ಪ್ರಾಲಿಫಿಕ್, ಸಿಲಿಕಾನ್ ಲ್ಯಾಬ್ಸ್ ಸಂಸ್ಥೆಗಳ ಚಿಪ್‌ಗಳೂ ಚೀನಾದ ಸಿಎಚ್–340 ಚಿಪ್ಪೂ ಇವುಗಳಲ್ಲಿ ಪ್ರಮುಖ. ಪ್ರತಿಯೊಂದಕ್ಕೂ ತನ್ನದೇ ಡ್ರೈವರ್, ಎಂದರೆ ಕಾರ್ಯವ್ಯವಸ್ಥೆಗೆ ಉಪಕರಣವನ್ನು ಪರಿಚಯಿಸುವ ತಂತ್ರಾಂಶ, ಬೇಕು. ನಕಲಿ ಚಿಪ್‌ಗಳ ಹಾವಳಿ ಇಲ್ಲಿ ಹೆಚ್ಚು. 2014ರಲ್ಲಿ ಎಫ್‌ಟಿಡಿಐ ಹೊರತಂದ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆಯಾಗಿಸಿ ಅವನ್ನು ನಿರುಪಯುಕ್ತಗೊಳಿಸಿದ್ದು ದೊಡ್ಡ ವಿವಾದವಾಗಿತ್ತು. ಕೇಬಲ್ ಚುಚ್ಚಿದಾಗ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಪೋರ್ಟ್ ಕಾಣಿಸದಿದ್ದರೆ ಮೊದಲು ಕೇಬಲ್ಲನ್ನೇ ಬದಲಿಸಿ ನೋಡಬೇಕು, ಏಕೆಂದರೆ ಮೊಬೈಲ್ ಚಾರ್ಜಿಂಗಿಗಷ್ಟೇ ತಯಾರಾದ ಎಷ್ಟೋ ಕೇಬಲ್‌ಗಳೊಳಗೆ ಮಾಹಿತಿಯ ತಂತಿಗಳೇ ಇರುವುದಿಲ್ಲ. ಪೋರ್ಟ್ ಕಂಡೂ ತೆರೆಯದಿದ್ದರೆ ಬೇರೊಂದು ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುತ್ತದೆ. ಲಿನಕ್ಸ್ ಕಡೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸದಿದ್ದರೆ ಅನುಮತಿ ಸಿಗುವುದಿಲ್ಲ, ಉಬುಂಟು 22.04ರಲ್ಲಿ ಬ್ರೈಲ್ ಉಪಕರಣಗಳಿಗಾಗಿ ಇರುವ ಸೇವೆಯೊಂದು ಸಿಎಚ್–340 ಚಿಪ್ಪನ್ನು ತನ್ನದೆಂದು ಭಾವಿಸಿ ಕಬಳಿಸುವುದೂ ಉಂಟು.

ಆರ್ಡುಯಿನೊ ಬಳಗದ ಫಲಕಗಳಲ್ಲಿ ಎರಡು ವಿಶೇಷಗಳನ್ನು ದೋಷವೆಂದು ಭ್ರಮಿಸಲಾಗುತ್ತದೆ. ಊನೊ ಫಲಕದ ಪೋರ್ಟನ್ನು ತೆರೆದೊಡನೆ ಫಲಕ ಮರುಪ್ರಾರಂಭವಾಗುವುದರಿಂದ ಕಂಪ್ಯೂಟರ್ ಆ ಕ್ಷಣದಲ್ಲಿ ಕಳಿಸಿದ ಮೊದಲ ಆದೇಶಗಳು ಕಳೆದುಹೋಗುತ್ತವೆ. ಒಂದೆರಡು ಸೆಕೆಂಡ್ ಕಾದು ಕಳಿಸುವುದೇ ಪರಿಹಾರ. ಅದರ 0 ಮತ್ತು 1ನೆಯ ಪಿನ್‌ಗಳು ಯುಎಸ್‌ಬಿ ಮಾರ್ಗದೊಂದಿಗೆ ಹಂಚಿಕೆಯಾಗಿರುವುದರಿಂದ ಅಲ್ಲಿ ಬ್ಲೂಟೂತ್ ಘಟಕ ಜೋಡಿಸಿದ್ದರೆ ಹೊಸ ಪ್ರೋಗ್ರಾಂ ಏರುವುದಿಲ್ಲ. ಇಎಸ್‌ಪಿ–8266 ಚಿಪ್ ಆರಂಭದಲ್ಲಿ 74,880 ಬಾಡ್‌ನಲ್ಲಿ ತನ್ನ ಸಂದೇಶ ಹೇಳುವುದರಿಂದ 1,15,200ಕ್ಕೆ ಹೊಂದಿಸಿದ ತೆರೆಯಲ್ಲಿ ಮೊದಲ ಸಾಲು ಕಸವಾಗಿ ಕಾಣುವುದು ಸಹಜ.

ಬೈಟ್‌ಗಳ ಅರ್ಥ

ಎಲ್ಲಕ್ಕಿಂತ ಅಪಾಯಕಾರಿ ದೋಷಗಳು ಹುಟ್ಟುವುದು ಬೈಟ್‌ಗಳು ನಿರ್ದೋಷವಾಗಿ ತಲುಪಿದ ಮೇಲೆ. ತೂಕದ ಇಂಡಿಕೇಟರ್ ಸೆಕೆಂಡಿಗೆ ಹಲವು ಬಾರಿ ತೂಕವನ್ನು ಕಳಿಸುತ್ತಿದ್ದು, ಕಂಪ್ಯೂಟರಿನ ಪ್ರೋಗ್ರಾಂ ನಿಧಾನವಾಗಿ ಒಂದೊಂದೇ ಸಾಲು ಓದುತ್ತಿದ್ದರೆ, ಓದದ ಸಾಲುಗಳು ಬಫರಿನಲ್ಲಿ, ಎಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಕೂಡುತ್ತ ಹೋಗಿ, ತೆರೆಯ ಮೇಲೆ ಕಾಣುವ ತೂಕ ಹಿಂದೆ ನಿಂತಿದ್ದ ಗಾಡಿಯದಾಗಬಹುದು. ಸಾಲಿನ ನಡುವಿನಿಂದ ಓದಲು ತೊಡಗಿದರೆ 12450 ಎಂಬುದು 450 ಎಂದು ದಾಖಲಾಗಬಹುದು. ಮೈಕ್ರೊಕಂಟ್ರೋಲರಿನ 16 ಬಿಟ್ ಚಿಹ್ನಾಸಹಿತ ಪೂರ್ಣಾಂಕ 32,767ಕ್ಕೆ ಮುಗಿಯುವುದರಿಂದ 40,000 ಕಿಲೋಗ್ರಾಂ ಲಾರಿ −25,536 ಎಂದು ತೋರಬಹುದು. ಇದು ಸಂವಹನದ ದೋಷದಂತೆ ಕಂಡರೂ ಲೆಕ್ಕದ ದೋಷ. ರೈತನ ಬಿಲ್ಲು ಈ ಅಂಕಿಯ ಮೇಲೆ ನಿಂತಿರುವುದರಿಂದ, ಪ್ರತಿ ಸಂದೇಶಕ್ಕೂ ಆರಂಭದ ಗುರುತು, ಉದ್ದ, ಅಂತ್ಯದ ಗುರುತು ಮತ್ತು ಪರೀಕ್ಷಾ ಮೊತ್ತ ಇರಬೇಕು. ಪ್ರೋಗ್ರಾಂ ಹಳೆಯ ಸಾಲುಗಳನ್ನು ಚೆಲ್ಲಿ ಕೊನೆಯ ಪೂರ್ಣ ಸಂದೇಶವನ್ನಷ್ಟೇ ಸ್ವೀಕರಿಸಬೇಕು.

ಮೈಕ್ರೊಕಂಟ್ರೋಲರಿನ ಕಡೆಯ ಬಫರ್ ಇನ್ನೂ ಚಿಕ್ಕದು. ಊನೊದಲ್ಲಿ ಅದು 64 ಬೈಟ್‌ಗಳದ್ದಾಗಿದ್ದು, 1,15,200 ಬಾಡ್‌ನಲ್ಲಿ 6 ಮಿಲಿಸೆಕೆಂಡಿನೊಳಗೆ ತುಂಬುತ್ತದೆ. ಪ್ರೋಗ್ರಾಂ ಒಂದು ಸೆಕೆಂಡ್ ಸುಮ್ಮನೆ ಕಾಯುವಂತೆ ಬರೆದಿದ್ದರೆ ನಡುವೆ ಬಂದದ್ದೆಲ್ಲ ನಷ್ಟ. ಕನ್ನಡದ ಪಠ್ಯ ಕಳಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯುಟಿಎಫ್–8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ‘ಹೋಟಗಿ’ ಎಂಬ ಮೂರಕ್ಷರದ ಹೆಸರು 15 ಬೈಟ್‌ಗಳಾಗುತ್ತದೆ. ಈ ಎಲ್ಲ ಬೈಟ್‌ಗಳಲ್ಲೂ ಎಂಟನೆಯ ಬಿಟ್ ಏರಿರುವುದರಿಂದ 7 ಬಿಟ್‌ಗಳ ಚೌಕಟ್ಟಿನಲ್ಲಿ ಕನ್ನಡ ಸಾಗಲಾರದು. ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತೋರಿಸುವ ತೆರೆಯಲ್ಲಿ ಅದು ಕಸವಾಗಿ ಕಂಡರೂ ತಂತಿ ನಿರ್ದೋಷಿ.

ದೂರ ಮತ್ತು ಗದ್ದಲ

ಆರ್‌ಎಸ್–232 ಸುಮಾರು 15 ಮೀಟರ್ ದೂರಕ್ಕೆ, ಯುಎಸ್‌ಬಿ ಸಾಮಾನ್ಯವಾಗಿ 5 ಮೀಟರ್ ದೂರಕ್ಕೆ ತಕ್ಕದ್ದು. ಮಗ್ಗದ ಶೆಡ್ಡಿನ ಅಥವಾ ಕಾರ್ಖಾನೆಯ ಮೋಟಾರುಗಳ ನಡುವೆ ಅದಕ್ಕಿಂತ ದೂರ ಹೋಗಬೇಕಾದಾಗ ಆರ್‌ಎಸ್–485 ಬಳಸುವುದು ವಾಡಿಕೆ. ಒಂದನ್ನೊಂದು ಹೆಣೆದ ಎರಡು ತಂತಿಗಳ ವೋಲ್ಟೇಜ್ ವ್ಯತ್ಯಾಸವನ್ನಷ್ಟೇ ಇದು ಓದುವುದರಿಂದ ಎರಡರ ಮೇಲೂ ಸಮನಾಗಿ ಬಿದ್ದ ಗದ್ದಲ ಕಳೆದುಹೋಗುತ್ತದೆ. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಇದು ತಲುಪುತ್ತದೆ. ಇದರ ದೋಷಗಳೂ ನಿಶ್ಚಿತ: ಎ ಮತ್ತು ಬಿ ತಂತಿಗಳ ಹೆಸರನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸದಿರುವುದು, ಎರಡೂ ಕೊನೆಗಳಲ್ಲಿ 120 ಓಮ್ ರೋಧಕ ಇಲ್ಲದಿರುವುದು, ಕೊನೆಯ ಬೈಟ್ ಪೂರ್ಣವಾಗಿ ಹೊರಡುವ ಮುನ್ನವೇ ರವಾನೆಯಿಂದ ಸ್ವೀಕಾರಕ್ಕೆ ದಿಕ್ಕು ಬದಲಿಸುವುದು. ಕಾಟಾದ ವೇದಿಕೆ ಮತ್ತು ಕಚೇರಿಗಳ ಅರ್ಥಿಂಗ್ ಬೇರೆಬೇರೆ ಇರುವಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಪೋರ್ಟ್ ಸುಡುವುದನ್ನು ತಪ್ಪಿಸಲು ಬೆಳಕಿನ ಮೂಲಕ ಸಂಕೇತ ದಾಟಿಸುವ ಪ್ರತ್ಯೇಕಕವನ್ನು ಅಳವಡಿಸುವುದು ಒಳಿತು.

ಶೋಧದ ಕ್ರಮ

ಈ ಎಲ್ಲ ಬಗೆಗಳನ್ನು ಒಟ್ಟಿಗೆ ನೋಡಿದರೆ ಶೋಧಕ್ಕೆ ಒಂದು ಕ್ರಮ ತಾನಾಗಿ ಹೊರಡುತ್ತದೆ. ಕಂಪ್ಯೂಟರಿನ ತುದಿಯಲ್ಲಿ ರವಾನೆ ಮತ್ತು ಸ್ವೀಕಾರದ ಪಿನ್‌ಗಳನ್ನು ಒಂದಕ್ಕೊಂದು ಕೂಡಿಸಿ, ಹರಿವಿನ ನಿಯಂತ್ರಣವನ್ನು ತೆಗೆದು, ಟೈಪ್ ಮಾಡಿದ್ದು ಮರಳಿ ಬರುತ್ತದೆಯೇ ಎಂದು ನೋಡುವ ಹಿಮ್ಮರಳು ಪರೀಕ್ಷೆಯೇ ಮೊದಲ ಹೆಜ್ಜೆಯಾಗಬೇಕು. ಅಕ್ಷರ ಮರಳಿದರೆ ಡ್ರೈವರ್ ಮತ್ತು ಪೋರ್ಟ್ ಎರಡೂ ಸರಿಯಿವೆಯೆಂದಾಗಿ ಸಮಸ್ಯೆ ಒಮ್ಮೆಗೇ ಅರ್ಧವಾಗುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಕಳಿಸುವ ಮತ್ತು ಪಡೆಯುವ ಗಡಿಯಾರ ಒಂದೇ ಆದ್ದರಿಂದ ಅದು ವೇಗದ ಬಗ್ಗೆಯಾಗಲಿ, ಆಚೆಯ ತುದಿಯ ಗ್ರೌಂಡಿನ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲವೆಂಬುದನ್ನು ಮರೆಯಬಾರದು. ಅನಂತರ ಕೇಬಲ್ಲಿನ ಆಚೆ ತುದಿಯಲ್ಲಿ ಅದೇ ಪರೀಕ್ಷೆ, ಮಲ್ಟಿಮೀಟರಿನಿಂದ ವೋಲ್ಟೇಜ್, ‘ಯು’ ಅಕ್ಷರದಿಂದ ವೇಗ, ಹದಿನಾರರ ಮೂಲದ ಅಂಕಿಗಳಲ್ಲಿ ಬೈಟ್ ತೋರಿಸುವ ತಂತ್ರಾಂಶದಿಂದ ಚೌಕಟ್ಟು, ಕೊನೆಗೆ ಪ್ರೋಗ್ರಾಂ, ಹೀಗೆ ಒಮ್ಮೆಗೆ ಒಂದನ್ನೇ ಬದಲಿಸುತ್ತ ಸಾಗಬೇಕು. ತೂಕದ ಇಂಡಿಕೇಟರ್ ವಿಷಯದಲ್ಲಿ ಇನ್ನೊಂದು ನಿರ್ಬಂಧವಿದೆ: ಅದು ಕಾನೂನು ಮಾಪನ ಇಲಾಖೆಯ ಮುದ್ರೆಗೆ ಒಳಪಟ್ಟ ಉಪಕರಣವಾದ್ದರಿಂದ ಶೋಧಕರು ಹೊರಗಿನ ಪೋರ್ಟಿನವರೆಗೆ ಮಾತ್ರ ಕೈಹಾಕಬಹುದು, ಮುದ್ರೆ ಒಡೆಯುವಂತಿಲ್ಲ.

ಪ್ರಚಲಿತ ರೂಢಿ ಇದಕ್ಕೆ ವ್ಯತಿರಿಕ್ತವಾಗಿದೆ. ಸಂವಹನ ನಿಂತೊಡನೆ ಪ್ರೋಗ್ರಾಂ ತಿದ್ದಲು ತೊಡಗುವುದು, ಡ್ರೈವರನ್ನೂ ಕೇಬಲ್ಲನ್ನೂ ವೇಗವನ್ನೂ ಒಟ್ಟಿಗೆ ಬದಲಿಸುವುದು, ಕೊನೆಗೆ ಸರಿಹೋದಾಗ ಯಾವುದರಿಂದ ಸರಿಹೋಯಿತೆಂದು ತಿಳಿಯದಿರುವುದು, ಇದು ಪ್ರಯೋಗಾಲಯದಿಂದ ಕಾರ್ಖಾನೆಯವರೆಗೆ ಎಲ್ಲೆಡೆ ಕಾಣುವ ದೌರ್ಬಲ್ಯ. ಸೊಲ್ಲಾಪುರ–ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಲ್ಲಿ ಓದಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ ಈ ಕ್ರಮವನ್ನು ಅವರ ಭಾಷೆಯಲ್ಲೇ, ಒಂದೊಂದು ಹೆಜ್ಜೆಗೂ ಕಾರಣ ಸಹಿತ ವಿವರಿಸುವ ಕೈಪಿಡಿಗಳು ಸಿದ್ಧವಾಗಬೇಕು. ಬೋಧಕರು 11.0592 ಎಂಬ ಸಂಖ್ಯೆಯನ್ನು ಕಂಠಪಾಠ ಮಾಡಿಸುವ ಬದಲು ಭಾಗಾಕಾರ ಮಾಡಿಸಬೇಕು. ಉಪಕರಣ ಸ್ಥಾಪಿಸುವವರು ವೇಗ, ಚೌಕಟ್ಟು ಮತ್ತು ತಂತಿಗಳ ಜೋಡಣೆಯನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಬೇಕು. ಇಷ್ಟು ಮಾಡಿದರೆ ಹಂಗಾಮಿನಲ್ಲಿ ಸಾಲುಗಟ್ಟಿ ನಿಲ್ಲುವ ಕಬ್ಬಿನ ಗಾಡಿಗಳಿಗೆ ಕಾಯುವ ಹೊತ್ತು ಕಡಿಮೆಯಾಗುತ್ತದೆ, ಚೀಟಿಯ ಮೇಲಿನ ತೂಕಕ್ಕೆ ವಿಶ್ವಾಸಾರ್ಹತೆಯೂ ಬರುತ್ತದೆ.